ಊರು ಬಿಟ್ಟ ಮೇಲೆ ನಂಬಿಕೆ ಉಳಿಸಿಕೊಳ್ಳುವ ಬಗೆ

ಪಿಯುಸಿ ಮುಗಿಸಿ ಇಂಜಿನಿಯರಿಂಗಿಗೋ ನರ್ಸಿಂಗಿಗೋ ಬೆಂಗಳೂರು ಸೇರಿದವರು, ಪದವಿಯ ನಂತರ ಪುಣೆ, ಹೈದರಾಬಾದುಗಳಿಗೆ ಕೆಲಸಕ್ಕೆ ಹೋದವರು, ಹೆಚ್ಚಿನ ಓದಿಗೆಂದು ಜರ್ಮನಿಯನ್ನೋ ಐರ್ಲೆಂಡನ್ನೋ ತಲುಪಿದವರು, ಇವರೆಲ್ಲರ ಬದುಕಿನಲ್ಲಿ ಹದಿನೆಂಟರಿಂದ ಮೂವತ್ತರ ನಡುವೆ ಒಂದು ಬದಲಾವಣೆ ಸದ್ದಿಲ್ಲದೆ ನಡೆಯುತ್ತದೆ. ಮನೆಯಲ್ಲಿದ್ದಾಗ ನಂಬಿಕೆಯ ಭಾರವನ್ನು ಮನೆಯೇ ಹೊತ್ತಿರುತ್ತದೆ. ಬೆಳಗ್ಗೆ ಎಬ್ಬಿಸುವವರು ಒಬ್ಬರು, ದೀಪ ಹಚ್ಚುವವರು ಒಬ್ಬರು, ಏಕಾದಶಿ ಯಾವತ್ತು ಎಂದು ಪಂಚಾಂಗ ನೋಡಿ ಹೇಳುವವರು ಒಬ್ಬರು, ಶುಕ್ರವಾರ ಮಸೀದಿಗೆ ಹೊರಡುವಾಗ ಜೊತೆಗೆ ಕರೆದೊಯ್ಯುವವರು ಇನ್ನೊಬ್ಬರು. ಪಿಜಿಯ ಕೋಣೆಯಲ್ಲಿ ಇವರು ಯಾರೂ ಇರುವುದಿಲ್ಲ. ಮೊದಲು ಆಚರಣೆ ತಪ್ಪುತ್ತದೆ. ತಪ್ಪಿದ್ದಕ್ಕೆ ನಾಚಿಕೆಯಾಗಿ ಆ ವಿಷಯವನ್ನು ಯೋಚಿಸುವುದೂ ನಿಲ್ಲುತ್ತದೆ. ಕೆಲವು ವರ್ಷಗಳ ಮೇಲೆ, ಎಂದೂ ಕೂತು ತೀರ್ಮಾನಿಸದೆಯೇ, ತಾನು ಅದನ್ನೆಲ್ಲ ಬಿಟ್ಟಾಗಿದೆ ಎಂಬುದು ಅರಿವಿಗೆ ಬರುತ್ತದೆ.

"ಪಟ್ಟಣಕ್ಕೆ ಹೋಗಿ ಕೆಟ್ಟ" ಎಂದು ಊರಿನವರು ಇದಕ್ಕೆ ಹೆಸರಿಡುತ್ತಾರೆ. ಆ ಮಾತು ನನಗೆ ಒಪ್ಪಿಗೆಯಿಲ್ಲ. ಪಟ್ಟಣ ಯಾರ ನಂಬಿಕೆಯನ್ನೂ ಕಿತ್ತುಕೊಳ್ಳುವುದಿಲ್ಲ. ಅಷ್ಟು ವರ್ಷ ಮನೆಯದಾಗಿದ್ದದ್ದು ಇನ್ನೂ ತನ್ನದಾಗಿರಲಿಲ್ಲ ಎಂಬುದನ್ನು ಅದು ತೋರಿಸಿಕೊಡುತ್ತದೆ, ಅಷ್ಟೆ. ಯೋಚಿಸಿ ಬಿಟ್ಟ ನಂಬಿಕೆಯ ಬಗ್ಗೆ ನನಗೆ ಗೌರವವಿದೆ. ಮರೆತು ಬಿಟ್ಟದ್ದರ ಬಗ್ಗೆ ಮಾತ್ರ ತಕರಾರಿದೆ, ಏಕೆಂದರೆ ಅಲ್ಲಿ ತೀರ್ಮಾನ ಮಾಡಿದ್ದು ನೀವಲ್ಲ, ನಿಮ್ಮ ಸೋಮಾರಿತನ ಅಥವಾ ಸುತ್ತಲಿನವರ ನಗು. ಉಳಿಸಿಕೊಳ್ಳುವುದಾದರೂ ಬಿಡುವುದಾದರೂ ಅದು ನಿಮ್ಮ ತೀರ್ಮಾನವೇ ಆಗಿರುವಂತೆ ನೋಡಿಕೊಳ್ಳಲು ಮಾಡಬೇಕಾದ ಕೆಲಸಗಳನ್ನು ಇಲ್ಲಿ ಹೇಳಿದ್ದೇನೆ. ನಂಬಿಕೆ ಎಂದರೆ ದೇವರು, ಪೂಜೆ, ಪ್ರಾರ್ಥನೆ ಮಾತ್ರವಲ್ಲ. ಕುಡಿಯುವುದಿಲ್ಲ, ಲಂಚ ಕೊಡುವುದಿಲ್ಲ, ವರದಕ್ಷಿಣೆ ತೆಗೆದುಕೊಳ್ಳುವುದಿಲ್ಲ, ಪ್ರಶ್ನಿಸದೆ ಒಪ್ಪುವುದಿಲ್ಲ ಎಂಬ ನಿಲುವುಗಳೂ ಅದರಲ್ಲಿ ಸೇರಿವೆ.

ಮೊದಲ ಹೆಜ್ಜೆ: ನಂಬಿರುವುದನ್ನು ಬರೆದು ನೋಡುವುದು

ಒಂದು ನೋಟ್‌ಬುಕ್ ತೆಗೆದುಕೊಂಡು, ನಿಮಗೆ ಮುಖ್ಯವೆನಿಸುವ ನಂಬಿಕೆಗಳನ್ನು ಒಂದೊಂದು ಸಾಲಿನಲ್ಲಿ ಬರೆಯಿರಿ. ಪ್ರತಿಯೊಂದರ ಮುಂದೆ, ಅದು ಯಾರಿಂದ ಬಂತು, ಅದಕ್ಕಾಗಿ ನೀವು ಇದುವರೆಗೆ ಏನನ್ನಾದರೂ ಬಿಟ್ಟುಕೊಟ್ಟಿದ್ದೀರಾ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಬರೆಯಿರಿ. ಎರಡನೆಯ ಪ್ರಶ್ನೆ ಕೆಲವರಿಗೆ ಕಿರಿಕಿರಿಯೆನಿಸುತ್ತದೆ, ಆದರೆ ಯಾವ ನಂಬಿಕೆಗೆ ಬೇರು ಇಳಿದಿದೆ, ಯಾವುದು ಬರಿಯ ಅಭ್ಯಾಸ ಎಂಬುದು ತಿಳಿಯುವುದು ಅದರಿಂದಲೇ.

ಅನಂತರ ಪ್ರತಿ ಸಾಲನ್ನೂ ಬಿಡಿಸಿ ನೋಡಬೇಕು. ಬೆಳಗಾವಿಯ ಕಡೆಯ ಜೈನ ಮನೆಯೊಂದರಿಂದ ಬಂದ ಹುಡುಗಿ "ರಾತ್ರಿ ಊಟ ಮಾಡುವುದಿಲ್ಲ" ಎಂದು ಬರೆದಳೆನ್ನಿ. ಇದರ ಮೂಲದಲ್ಲಿರುವುದು ಅಹಿಂಸೆ. ಅದರಿಂದ ಹುಟ್ಟಿದ ನಡೆ, ಸೂರ್ಯಾಸ್ತದ ನಂತರ ಉಣ್ಣದಿರುವುದು ಮತ್ತು ಕಂದಮೂಲಗಳನ್ನು ಬಿಡುವುದು. ಅದರ ಮೇಲೆ ಮನೆಯ ರೂಢಿಯಾಗಿ ಸೇರಿಕೊಂಡದ್ದು, ಯಾರ ಮನೆಯಲ್ಲಿ ತಿನ್ನಬಹುದು, ಯಾರ ಪಾತ್ರೆ ಮುಟ್ಟಬಹುದು ಎಂಬಂಥವು. ಹಾಗೆಯೇ ಲಿಂಗಾಯತ ಮನೆಯ ಹುಡುಗನ ಪಟ್ಟಿಯಲ್ಲಿ ನಿತ್ಯದ ಲಿಂಗಪೂಜೆ ಇರುತ್ತದೆ, ಕಾಯಕವನ್ನು ಕೀಳಾಗಿ ಕಾಣಬಾರದೆಂಬ ಮಾತು ಇರುತ್ತದೆ, ಅದರ ಪಕ್ಕದಲ್ಲೇ "ನಮ್ಮ ಒಳಪಂಗಡದಲ್ಲೇ ಮದುವೆ" ಎಂಬ ಕಟ್ಟಳೆಯೂ ಕೂತಿರುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ಶರಣರು ಜಾತಿ ಮೀರಿದ ಮದುವೆಯನ್ನು ಎತ್ತಿಹಿಡಿದದ್ದಕ್ಕೆ ತೆತ್ತ ಬೆಲೆಯನ್ನು ಬಲ್ಲವರಿಗೆ ಈ ಮೂರನೆಯ ಸಾಲು ಮೊದಲೆರಡರ ಜೊತೆ ಹೊಂದುವುದಿಲ್ಲವೆಂದು ವಿವರಿಸಬೇಕಾಗಿಲ್ಲ.

ನಮ್ಮ ಬಹುಪಾಲು ಮನೆಗಳಲ್ಲಿ ಧರ್ಮದ ಹೆಸರಿನಡಿ ಜಾತಿಯ ಲೆಕ್ಕವೂ ಹೀಗೆ ನುಸುಳಿಕೊಂಡಿದೆ. ಕೆಲಸದವರಿಗೆ ಬೇರೆ ಲೋಟ ಇಡುವುದು ನಂಬಿಕೆಯಲ್ಲ. ಅದನ್ನು ತೂಗಿ ನೋಡುವ ಅಗತ್ಯವೂ ಇಲ್ಲ, ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದುಮಾಡಿದೆ. ಅಂಥ ಸಾಲುಗಳನ್ನು ಮೊದಲ ದಿನವೇ ಹೊಡೆದುಹಾಕಿ. ಉಳಿದವುಗಳಲ್ಲಿ ಮೂಲ, ನಡೆ, ರೂಢಿ ಎಂದು ಗುರುತು ಹಾಕಿಕೊಂಡರೆ ಮುಂದೆ ಯಾವುದರಲ್ಲಿ ರಾಜಿ ಸಾಧ್ಯ, ಯಾವುದರಲ್ಲಿ ಇಲ್ಲ ಎಂಬುದು ಇಕ್ಕಟ್ಟಿನ ಗಳಿಗೆಗೆ ಮುಂಚೆಯೇ ಗೊತ್ತಿರುತ್ತದೆ.

ಎರಡನೆಯ ಹೆಜ್ಜೆ: ಕೊಟ್ಟ ಮಾತಿನಿಂದ ಸ್ವಂತ ಒಪ್ಪಿಗೆಗೆ

ಇದೇ ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ, ಮತ್ತು ಇದಕ್ಕೆ ಗಾಂಧೀಜಿಯವರ ಲಂಡನ್ ದಿನಗಳಷ್ಟು ಸ್ಪಷ್ಟವಾದ ಉದಾಹರಣೆ ನನಗೆ ಬೇರೆ ಗೊತ್ತಿಲ್ಲ. 1888ರ ಸೆಪ್ಟೆಂಬರಿನಲ್ಲಿ ಮುಂಬಯಿಯಿಂದ ಹಡಗು ಹತ್ತಿದಾಗ ಅವರಿಗೆ ಇನ್ನೂ ಹತ್ತೊಂಬತ್ತು ತುಂಬಿರಲಿಲ್ಲ. ಹೊರಡುವ ಮುನ್ನ, ತಾಯಿ ಪುತಲೀಬಾಯಿಯವರ ಸಮಾಧಾನಕ್ಕಾಗಿ, ಬೇಚರ್‌ಜಿ ಸ್ವಾಮಿ ಎಂಬ ಜೈನ ಸಾಧುವಿನ ಮುಂದೆ ಮದ್ಯ, ಮಾಂಸ, ಪರಸ್ತ್ರೀ ಈ ಮೂರನ್ನೂ ಮುಟ್ಟುವುದಿಲ್ಲವೆಂದು ಪ್ರತಿಜ್ಞೆ ಮಾಡಿದ್ದರು. ಗಮನಿಸಬೇಕಾದದ್ದೆಂದರೆ, ಆಗ ಅವರಿಗೆ ಮಾಂಸಾಹಾರ ತಪ್ಪೆಂಬ ಸ್ವಂತ ನಂಬಿಕೆ ಇರಲಿಲ್ಲ. ಊರಿನಲ್ಲಿದ್ದಾಗ ಗೆಳೆಯನೊಬ್ಬನ ಜೊತೆ ಕದ್ದು ಮಾಂಸ ತಿಂದಿದ್ದರು; ಇಂಗ್ಲಿಷರಂತೆ ಬಲಶಾಲಿಗಳಾಗಲು ಭಾರತೀಯರೆಲ್ಲ ಮಾಂಸ ತಿನ್ನಬೇಕೆಂದೂ ಆಗ ಅವರಿಗೆ ಅನ್ನಿಸಿತ್ತು. ಲಂಡನ್ನಿನಲ್ಲಿ ಹಸಿದುಕೊಂಡಿದ್ದ ಅವರನ್ನು ಒಪ್ಪಿಸಲೆಂದು ಸ್ನೇಹಿತರೊಬ್ಬರು ಬೆಂಥಾಮನ ತತ್ತ್ವಶಾಸ್ತ್ರವನ್ನೇ ಓದಿ ಹೇಳಿದರು. ಈ ಗಹನವಾದ ವಿಚಾರಗಳು ತನಗೆ ಎಟುಕುವುದಿಲ್ಲ, ವಾದಿಸಲೂ ಬಾರದು, ಆದರೆ ಮಾತು ಮುರಿಯುವುದು ಸಾಧ್ಯವಿಲ್ಲ ಎಂಬುದು ಅವರ ಉತ್ತರವಾಗಿತ್ತು. ಕೆಲವು ಕಾಲದ ನಂತರ ಫ್ಯಾರಿಂಗ್‌ಡನ್ ಬೀದಿಯಲ್ಲಿ ಒಂದು ಸಸ್ಯಾಹಾರಿ ಉಪಾಹಾರ ಗೃಹ ಸಿಕ್ಕಿತು. ಅಲ್ಲಿ ಮಾರಾಟಕ್ಕಿದ್ದ, ಸಸ್ಯಾಹಾರದ ಪರವಾಗಿ ಹೆನ್ರಿ ಸಾಲ್ಟ್ ಬರೆದ ಪುಸ್ತಕವೊಂದನ್ನು ಒಂದು ಷಿಲಿಂಗಿಗೆ ಕೊಂಡು ಪೂರ್ತಿ ಓದಿದರು. ಅಂದಿನಿಂದ ತಾನು ಸ್ವಂತ ಆಯ್ಕೆಯಿಂದ ಸಸ್ಯಾಹಾರಿಯಾದೆನೆಂದು ಅವರೇ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ.

ಇದರಿಂದ ಕಲಿಯಬಹುದಾದ ಕ್ರಮ ಬಹಳ ಸರಳವಾದದ್ದು. ವಾದದಲ್ಲಿ ಸೋಲುವುದೂ ನಂಬಿಕೆ ಸುಳ್ಳಾಗುವುದೂ ಒಂದೇ ಅಲ್ಲ. ಹಾಸ್ಟೆಲಿನಲ್ಲಿ ರಾತ್ರಿ ಹನ್ನೆರಡರವರೆಗೆ ನಡೆಯುವ ಚರ್ಚೆಗಳಲ್ಲಿ ಗೆಲ್ಲುವವನು ಹೆಚ್ಚು ಮಾತು ಬಲ್ಲವನೇ ಹೊರತು ಹೆಚ್ಚು ಸತ್ಯ ಬಲ್ಲವನಲ್ಲ. ಆದ್ದರಿಂದ, ಉತ್ತರ ಹೊಳೆಯದ ಪ್ರಶ್ನೆ ಎದುರಾದಾಗ ಅದನ್ನು ಅದೇ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡು, ಕೆಲವು ತಿಂಗಳಾದರೂ ಓದಿ, ಕೇಳಿ, ಆ ತನಕ ಇದ್ದ ನಡೆಯನ್ನೇ ಮುಂದುವರಿಸಿ. ಕೊಟ್ಟ ಮಾತು ಈ ನಡುವಿನ ಕಾಲವನ್ನು ದಾಟಿಸಲಿಕ್ಕೆ ಇರುವಂಥದು. ಆದರೆ ಓದುವ ಕೆಲಸವನ್ನೇ ಮಾಡದೆ, ಮೂವತ್ತರಲ್ಲೂ "ಅಮ್ಮನಿಗೆ ಮಾತು ಕೊಟ್ಟಿದ್ದೇನೆ" ಎಂಬಲ್ಲಿಗೇ ನಿಂತವರ ನಂಬಿಕೆ ಅಮ್ಮನ ಜೊತೆಗೇ ಮುಗಿಯುತ್ತದೆ.

ಓದುವುದೆಂದರೆ ಮೊಬೈಲಿನಲ್ಲಿ ಬರುವ ತುಣುಕುಗಳನ್ನಲ್ಲ, ಮೂಲವನ್ನು. ಕನ್ನಡ ಬಲ್ಲವರು ಈ ವಿಷಯದಲ್ಲಿ ಅದೃಷ್ಟವಂತರು. ವಚನಗಳನ್ನು ರಾಜ್ಯ ಸರ್ಕಾರವೇ ಹದಿನೈದು ಸಂಪುಟಗಳಲ್ಲಿ ಪ್ರಕಟಿಸಿದೆ. ದಾಸರ ಪದಗಳು ಸಂಗ್ರಹಗಳಾಗಿ ದೊರೆಯುತ್ತವೆ. ಕುರಾನಿಗೂ ಬೈಬಲ್ಲಿಗೂ ಕನ್ನಡ ಅನುವಾದಗಳಿವೆ. ದಿನಕ್ಕೆ ಒಂದು ಪುಟ ಸಾಕು. ಜೊತೆಗೆ, ನಿಮ್ಮ ನಂಬಿಕೆಯನ್ನು ಒಪ್ಪದವರ ಬರಹದಲ್ಲಿ ಅತ್ಯುತ್ತಮವಾದದ್ದನ್ನೂ ಓದಿ. ದುರ್ಬಲ ಎದುರಾಳಿಯನ್ನು ಆರಿಸಿಕೊಂಡು ಗೆದ್ದೆವೆಂದು ಬೀಗುವುದರಿಂದ ಏನೂ ಗಟ್ಟಿಯಾಗುವುದಿಲ್ಲ.

ಮೂರನೆಯ ಹೆಜ್ಜೆ: ಪರೀಕ್ಷೆಯ ದಿನವೂ ಮಾಡಬಹುದಾದಷ್ಟು ಚಿಕ್ಕ ಆಚರಣೆ

ಮನೆಯಲ್ಲಿ ಒಂದು ಗಂಟೆ ನಡೆಯುತ್ತಿದ್ದ ಪೂಜೆಯನ್ನು ಮೂವರು ಹಂಚಿಕೊಂಡ ಕೋಣೆಯಲ್ಲಿ ಹಾಗೆಯೇ ನಡೆಸಲು ಹೊರಟವರು ಹೆಚ್ಚಾಗಿ ಕೆಲವೇ ವಾರಗಳಲ್ಲಿ ಕೈಬಿಡುತ್ತಾರೆ. ಮೊದಲೇ ಅಳತೆ ಕಡಿಮೆ ಮಾಡಿಕೊಳ್ಳಿ. ಸೆಮಿಸ್ಟರ್ ಪರೀಕ್ಷೆಯ ಬೆಳಗ್ಗೆಯೂ, ನೈಟ್ ಶಿಫ್ಟ್ ಮುಗಿಸಿ ಬಂದ ದಿನವೂ ಮಾಡಲು ಸಾಧ್ಯವಿರುವಷ್ಟನ್ನೇ ನಿತ್ಯದ ನಿಯಮವೆಂದು ಇಟ್ಟುಕೊಳ್ಳಬೇಕು. ಇಷ್ಟಲಿಂಗದ ಪೂಜೆಗೆ ಮಂದಿರ ಬೇಡ, ಪೂಜಾರಿ ಬೇಡ; ಲಿಂಗವನ್ನಿಡುವ ಕರಡಿಗೆ, ವಿಭೂತಿ, ಒಂದು ಲೋಟ ನೀರು, ಕಾಲು ಗಂಟೆ ಇದ್ದರೆ ಮಂಚದ ಮೇಲೆ ಕೂತೇ ಮಾಡಬಹುದು. ಊರು ಬಿಡುವವರಿಗೆ ಇದಕ್ಕಿಂತ ಅನುಕೂಲವಾದ ವ್ಯವಸ್ಥೆಯನ್ನು ಊಹಿಸುವುದು ಕಷ್ಟ. ಕೋಣೆಯ ಜೊತೆಗಾರರಿಗೆ ಮೊದಲ ವಾರವೇ "ಬೆಳಗ್ಗೆ ಆರರಿಂದ ಆರೂಕಾಲು ನನ್ನನ್ನು ಮಾತಾಡಿಸಬೇಡಿ" ಎಂದು ಹೇಳಿಬಿಟ್ಟರೆ ಸಾಕು, ಅವರು ಒಪ್ಪುತ್ತಾರೆ. ಮೂರು ತಿಂಗಳಾದ ಮೇಲೆ ಹೇಳಿದರೆ ವಿಚಿತ್ರವೆನಿಸುತ್ತದೆ.

ಕಚೇರಿಯಲ್ಲಿ ಮಧ್ಯಾಹ್ನದ ನಮಾಜಿಗೆ ಜಾಗ ಬೇಕಾದವರು ಮೆಟ್ಟಿಲ ಕೆಳಗಿನ ಮೂಲೆ ಹುಡುಕುವ ಬದಲು ಖಾಲಿ ಮೀಟಿಂಗ್ ರೂಮನ್ನು ಹತ್ತು ನಿಮಿಷ ಬಳಸಬಹುದೇ ಎಂದು ಮ್ಯಾನೇಜರ್ ಅವರನ್ನು ನೇರವಾಗಿ ಕೇಳುವುದು ಲೇಸು. ಭಾನುವಾರ ಪಾಳಿಯಿರುವ ಕ್ಯಾಥೊಲಿಕ್ ನರ್ಸ್ ಒಬ್ಬರಿಗೆ, ಚರ್ಚಿನಲ್ಲಿ ಶನಿವಾರ ಸಂಜೆ ನಡೆಯುವ ಬಲಿಪೂಜೆಯೂ ಭಾನುವಾರದ ಕರ್ತವ್ಯವನ್ನು ಪೂರೈಸುತ್ತದೆ ಎಂಬುದು ಗೊತ್ತಿರಬೇಕು.

ಈ ಕೊನೆಯ ಮಾತನ್ನು ಸ್ವಲ್ಪ ಬೆಳೆಸಬೇಕು. ಅನುಕೂಲವಿಲ್ಲದ ದಿನಗಳ ಬಗ್ಗೆ ಎಲ್ಲ ಪರಂಪರೆಗಳೂ ನಮಗಿಂತ ಮೊದಲೇ ಯೋಚಿಸಿವೆ. ಪ್ರಯಾಣಿಕರು ನಾಲ್ಕು ರಕಾತ್‌ಗಳ (ಆವರ್ತನಗಳ) ನಮಾಜನ್ನು ಎರಡಕ್ಕೆ ಇಳಿಸಬಹುದು. ಪ್ರಯಾಣಿಕರೂ ರೋಗಿಗಳೂ ರಂಜಾನಿನ ಉಪವಾಸವನ್ನು ಬೇರೆ ದಿನಗಳಿಗೆ ಮುಂದೂಡಬಹುದು. ಏಕಾದಶಿಯ ಉಪವಾಸದಿಂದ ಮಕ್ಕಳಿಗೆ, ವೃದ್ಧರಿಗೆ, ಕಾಯಿಲೆಯವರಿಗೆ ವಿನಾಯಿತಿ ಇದೆ. ನಿಮಗೆ ನೀವೇ ರಿಯಾಯಿತಿ ಘೋಷಿಸಿಕೊಳ್ಳುವ ಮುನ್ನ ನಿಮ್ಮ ಪರಂಪರೆ ಯಾವ ರಿಯಾಯಿತಿ ಕೊಟ್ಟಿದೆ ಎಂದು ತಿಳಿದುಕೊಳ್ಳಿ. ವಿದೇಶದಲ್ಲಿರುವವರಿಗಂತೂ ಇದು ಅನಿವಾರ್ಯ. ಬರ್ಲಿನ್ನಿನಲ್ಲಿ ಜೂನ್ ತಿಂಗಳಲ್ಲಿ ಸೂರ್ಯ ಮುಳುಗುವಾಗ ರಾತ್ರಿ ಒಂಬತ್ತೂವರೆ. ಡಿಸೆಂಬರಿನಲ್ಲಿ ನಾಲ್ಕು ಗಂಟೆಗೂ ಮೊದಲೇ ಮುಳುಗಿರುತ್ತಾನೆ. ಸೂರ್ಯಾಸ್ತದ ನಂತರ ಉಣ್ಣದ ವಿದ್ಯಾರ್ಥಿನಿ ಅಲ್ಲಿ ಚಳಿಗಾಲದಲ್ಲಿ ತರಗತಿಯ ನಡುವೆಯೇ ರಾತ್ರಿಯೂಟ ಮುಗಿಸಬೇಕಾಗುತ್ತದೆ. ಬೆಳಕನ್ನು ಅನುಸರಿಸಬೇಕೋ ಗಡಿಯಾರವನ್ನೋ ಎಂಬುದನ್ನು ಹಸಿದ ಹೊಟ್ಟೆಯಲ್ಲಿ ನಿರ್ಧರಿಸದೆ, ಹೊರಡುವ ಮೊದಲೇ ತಿಳಿದ ಹಿರಿಯರೊಬ್ಬರನ್ನು ಕೇಳಿಕೊಂಡು ಹೋಗುವುದು ಜಾಣತನ.

ಒಂದು ದಿನ ತಪ್ಪಿದರೆ ಮರುದಿನ ದುಪ್ಪಟ್ಟು ಮಾಡಲು ಹೋಗಬೇಡಿ. ಮಾಮೂಲಿಯಷ್ಟನ್ನೇ ಮಾಡಿ. ದುಪ್ಪಟ್ಟಿನ ಹೆದರಿಕೆಗೇ ಮೂರನೆಯ ದಿನವೂ ತಪ್ಪುತ್ತದೆ.

ನಾಲ್ಕನೆಯ ಹೆಜ್ಜೆ: ಜೊತೆಗಾರರನ್ನು ಆರಿಸಿಕೊಳ್ಳುವುದು

ಒಬ್ಬಂಟಿಯಾಗಿ ನಂಬಿಕೆಯನ್ನು ಕಾಪಾಡಿಕೊಳ್ಳುವುದು ಅಸಾಧ್ಯವಲ್ಲದಿದ್ದರೂ ಬಹಳ ಕಷ್ಟ. ಹಳ್ಳಿಯ ಮಕ್ಕಳು ಓದಿಗಾಗಿ ಪಟ್ಟಣಕ್ಕೆ ಬರತೊಡಗಿದ ಕಾಲದಲ್ಲಿ ಮಠಗಳೂ ಸಮುದಾಯಗಳೂ ಉಚಿತ ವಿದ್ಯಾರ್ಥಿನಿಲಯಗಳನ್ನು ತೆರೆದದ್ದರ ಹಿಂದೆ ಈ ತಿಳಿವಳಿಕೆಯೂ ಇತ್ತು. ತುಮಕೂರಿನ ಸಿದ್ಧಗಂಗೆಯಲ್ಲಿ ಶಿವಕುಮಾರ ಸ್ವಾಮೀಜಿಯವರು (1907–2019) ಜಾತಿ ಮತಗಳನ್ನು ನೋಡದೆ ಸಾವಿರಾರು ಮಕ್ಕಳಿಗೆ ಅನ್ನ, ವಸತಿ ಕೊಟ್ಟರು. ಆ ಮಕ್ಕಳಿಗೆ ಅಲ್ಲಿ ಸಿಕ್ಕದ್ದು ಅನ್ನ ಮಾತ್ರವಲ್ಲ, ಒಟ್ಟಿಗೆ ಕೂತು ಪ್ರಾರ್ಥಿಸುವ ಅಭ್ಯಾಸವೂ ಹೌದು. ಇಂದಿನ ಪಿಜಿಗಳು ಅನ್ನವನ್ನಷ್ಟೇ ಕೊಡುತ್ತವೆ, ಅದೂ ಎಂಥದೆಂದು ಎಲ್ಲರಿಗೂ ಗೊತ್ತಿದೆ.

ಆದ್ದರಿಂದ ಜನರನ್ನು ನೀವೇ ಹುಡುಕಿಕೊಳ್ಳಬೇಕು. ನಿಮ್ಮ ದಾರಿಯಲ್ಲಿ ಮುಂದೆ ನಡೆದ, ಆದರೆ ನಿಮ್ಮ ಮನೆಯವರಲ್ಲದ ಒಬ್ಬ ಹಿರಿಯರು ಬೇಕು. ಮನೆಯವರ ಮುಂದೆ ಕೇಳಲಾಗದ ಪ್ರಶ್ನೆಗಳನ್ನು ಅವರ ಮುಂದೆ ಕೇಳಬಹುದು. ಅದೇ ಆಚರಣೆಯನ್ನು ನಡೆಸುವ ಸಮವಯಸ್ಕರೊಬ್ಬರು ಬೇಕು. ಇವರಷ್ಟೇ ಅಗತ್ಯವಾದ ಮೂರನೆಯವರೆಂದರೆ, ನಿಮ್ಮನ್ನು ಒಪ್ಪದಿದ್ದರೂ ನಿಮ್ಮ ಹಿತ ಬಯಸುವ ಗೆಳೆಯ ಅಥವಾ ಗೆಳತಿ. ಅನುಭವ ಮಂಟಪದ ಕಥನದಲ್ಲಿ ನನಗೆ ಇಷ್ಟವಾಗುವ ಸಂಗತಿಯೇ ಇದು. ಉಡುತಡಿಯಿಂದ ನಡೆದುಬಂದ ಅಕ್ಕಮಹಾದೇವಿಯನ್ನು ಅಲ್ಲಮಪ್ರಭು ಹಾರ ಹಾಕಿ ಸ್ವಾಗತಿಸುವುದಿಲ್ಲ. ಮುಜುಗರವಾಗುವಷ್ಟು ಕಟುವಾಗಿ ಪ್ರಶ್ನಿಸುತ್ತಾನೆ, ಅವಳು ಒಂದೊಂದಕ್ಕೂ ಉತ್ತರಿಸುತ್ತಾಳೆ. ಸೊನ್ನಲಿಗೆಯಲ್ಲಿ ಗುಡಿ ಕಟ್ಟಿಸುತ್ತ, ಕೆರೆ ತೋಡಿಸುತ್ತ ಅದೇ ಸಾರ್ಥಕವೆಂದು ತಿಳಿದಿದ್ದ ಸಿದ್ಧರಾಮನನ್ನೂ ಅಲ್ಲಮ ಹೀಗೆಯೇ ಅಲುಗಾಡಿಸಿದನೆಂದೂ, ಆಮೇಲೆ ಕಲ್ಯಾಣದಲ್ಲಿ ಅವನು ಚೆನ್ನಬಸವಣ್ಣನಿಂದ ಇಷ್ಟಲಿಂಗ ಪಡೆದನೆಂದೂ ಪರಂಪರೆ ಹೇಳುತ್ತದೆ. ಪ್ರಶ್ನೆಗೆ ಸಿಕ್ಕಿದ ಮಾತ್ರಕ್ಕೆ ಅವನ ಭಕ್ತಿ ಕಡಿಮೆಯಾಗಲಿಲ್ಲ, ದಿಕ್ಕು ಬದಲಾಯಿಸಿತು.

ಇದರ ತಿರುಗುಮುರುಗನ್ನೂ ನೆನಪಿಡಿ. ಪ್ರಶ್ನೆ ಕೇಳಿದರೆ ಸಿಡುಕುವ, ಹಳೆಯ ಗೆಳೆಯರನ್ನು ಬಿಡಬೇಕೆಂದು ಒತ್ತಾಯಿಸುವ, ತಿಂಗಳ ಸಂಬಳದ ವಿವರ ಕೇಳುವ, ಇನ್ನೊಂದು ಸಮುದಾಯವನ್ನು ದ್ವೇಷಿಸುವುದನ್ನೇ ಭಕ್ತಿಯೆಂದು ಕಲಿಸುವ ಗುಂಪು ಯಾವುದೇ ಧರ್ಮದ್ದಾಗಿರಲಿ, ಅಲ್ಲಿಂದ ಎದ್ದು ಬನ್ನಿ. ಒಂಟಿತನದಲ್ಲಿರುವ ಹೊಸಬರನ್ನು ಇಂಥವರು ಬೇಗ ಗುರುತಿಸುತ್ತಾರೆ.

ಐದನೆಯ ಹೆಜ್ಜೆ: "ಇಲ್ಲ" ಎನ್ನುವ ಸಿದ್ಧತೆ

ಕಚೇರಿಯ ಪಾರ್ಟಿಯಲ್ಲಿ ಕುಡಿಯದವರಿಗೆ ಕಷ್ಟವಾಗುವುದು ಕುಡಿಯುವ ಆಸೆಯಿಂದಲ್ಲ, ಕಾರಣ ಕೊಡಬೇಕಾದ ಮುಜುಗರದಿಂದ. ಕಾರಣ ಕೊಡಬೇಡಿ. "ನಾನು ಕುಡಿಯುವುದಿಲ್ಲ" ಎಂಬ ವಾಕ್ಯ ಪೂರ್ಣವಾದದ್ದು. "ಇವತ್ತು ಬೇಡ", "ಆ್ಯಂಟಿಬಯಾಟಿಕ್ ತೆಗೆದುಕೊಳ್ಳುತ್ತಿದ್ದೇನೆ" ಎಂಬ ನೆಪಗಳು ಮುಂದಿನ ಶುಕ್ರವಾರಕ್ಕೆ ಹೊಸ ನೆಪವನ್ನು ಬೇಡುತ್ತವೆ. ಮೊದಲ ಪಾರ್ಟಿಯಲ್ಲೇ ಹೇಳಿಬಿಟ್ಟವರನ್ನು ಎರಡನೆಯ ಬಾರಿ ಯಾರೂ ಒತ್ತಾಯಿಸುವುದಿಲ್ಲ.

ಇದರ ಜೊತೆಗೆ ಒಂದು ಎಚ್ಚರವೂ ಬೇಕು. ನಿಮ್ಮ ನಿಯಮದ ಖರ್ಚನ್ನು ಬೇರೆಯವರ ತಲೆಗೆ ಕಟ್ಟಬಾರದು. ಕೋಣೆಯ ಜೊತೆಗಾರ ಮೀನು ಹುರಿಯುತ್ತಾನೆಂದರೆ ನಿಮ್ಮ ಬಾಣಲೆಯನ್ನು ಬೇರೆ ಇಟ್ಟುಕೊಳ್ಳುವುದು ನಿಮ್ಮ ಕೆಲಸ. ಅವನು ಹುರಿಯಬಾರದೆನ್ನುವುದು ನಂಬಿಕೆಯಲ್ಲ, ದಬ್ಬಾಳಿಕೆ. ಲಂಡನ್ನಿನ ಗಾಂಧಿಯವರನ್ನೇ ಮತ್ತೆ ನೋಡಿ. ಅಲ್ಲಿನ ಸಸ್ಯಾಹಾರಿ ಸಂಘದ ಕಾರ್ಯಕಾರಿ ಸಮಿತಿಯಲ್ಲಿದ್ದಾಗ, ಸಂತಾನ ನಿಯಂತ್ರಣವನ್ನು ಪ್ರಚಾರ ಮಾಡುತ್ತಿದ್ದ ಡಾ. ಆಲಿನ್‌ಸನ್ ಅವರನ್ನು ಸಂಘದಿಂದ ತೆಗೆದುಹಾಕುವ ಪ್ರಸ್ತಾಪ ಬಂತು. ಆಲಿನ್‌ಸನ್ ಅವರ ಅಭಿಪ್ರಾಯ ಗಾಂಧಿಯವರಿಗೆ ಸ್ವಲ್ಪವೂ ಒಪ್ಪಿಗೆಯಿರಲಿಲ್ಲ, ಪ್ರಸ್ತಾಪ ತಂದ ಅಧ್ಯಕ್ಷರ ಬಗ್ಗೆ ಗೌರವವೂ ಇತ್ತು. ಆದರೂ ಸಸ್ಯಾಹಾರಕ್ಕೆ ಸಂಬಂಧಿಸದ ಅಭಿಪ್ರಾಯಕ್ಕಾಗಿ ಒಬ್ಬರನ್ನು ಹೊರಹಾಕುವುದು ಸರಿಯಲ್ಲವೆಂದು ಆಲಿನ್‌ಸನ್ ಅವರ ಪರ ನಿಂತರು. ಸ್ವಂತ ನಂಬಿಕೆಯಲ್ಲಿ ಗಟ್ಟಿಯಾಗಿರುವವರಿಗೆ ಬೇರೆಯವರ ನಂಬಿಕೆಯಿಂದ ಗಾಬರಿಯಾಗುವುದಿಲ್ಲ.

ಲಂಚದ ವಿಷಯಕ್ಕೆ ಬಂದರೆ ಗಟ್ಟಿ ಮನಸ್ಸೊಂದೇ ಸಾಲದು, ಮುಂಗಡ ಯೋಜನೆಯೂ ಬೇಕು. ಲಂಚ ಕೊಡುವವರಲ್ಲಿ ಬಹುಮಂದಿ ಕೆಟ್ಟವರಲ್ಲ, ತಡಮಾಡಿದವರು. ಕಾಲೇಜು ಪ್ರವೇಶದ ಕೊನೆಯ ದಿನಕ್ಕೆ ಎರಡು ದಿನವಿರುವಾಗ ಆದಾಯ ಪ್ರಮಾಣಪತ್ರಕ್ಕೆ ಓಡುವವರ ತತ್ತ್ವಗಳೆಲ್ಲ ಕೌಂಟರಿನ ಮುಂದೆ ಕರಗುತ್ತವೆ. ಕರ್ನಾಟಕದಲ್ಲಿ 2011ರ ಸಕಾಲ ಕಾಯ್ದೆಯಡಿ ಪಟ್ಟಿಯಲ್ಲಿರುವ ಸೇವೆಗಳಿಗೆ ನಿಗದಿತ ಗಡುವಿದೆ. ಅರ್ಜಿ ಕೊಟ್ಟ ಕೂಡಲೇ ಜಿಎಸ್‌ಸಿ ಸಂಖ್ಯೆ, ಅಂದರೆ ನಿಮ್ಮ ಅರ್ಜಿಯ ಗುರುತಿನ ಸಂಖ್ಯೆಯಿರುವ ಸ್ವೀಕೃತಿಯನ್ನು ಕೇಳಿ ಪಡೆಯಿರಿ. ಗಡುವು ಮೀರಿದರೆ ಮೇಲ್ಮನವಿ ಸಲ್ಲಿಸಬಹುದು, ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿಯವರೆಗೆ ಪರಿಹಾರವನ್ನೂ ಕೇಳಬಹುದು. ಮೊತ್ತ ಚಿಕ್ಕದೇ, ಆದರೆ ಆ ಸಂಖ್ಯೆ ಕೈಯಲ್ಲಿದ್ದಾಗ ಕೌಂಟರಿನ ಆಚೆಯವರ ಮಾತಿನ ಧಾಟಿ ಬೇರೆಯಾಗಿರುತ್ತದೆ. ಭ್ರಷ್ಟಾಚಾರ ತಡೆ ಕಾಯ್ದೆಯ 2018ರ ತಿದ್ದುಪಡಿಯ ನಂತರ ಲಂಚ ಕೊಡುವುದೂ ಅಪರಾಧ. ಬಲವಂತಕ್ಕೆ ಸಿಲುಕಿ ಕೊಟ್ಟವರು ಏಳು ದಿನಗಳೊಳಗೆ ದೂರು ಕೊಟ್ಟರೆ ಮಾತ್ರ ರಕ್ಷಣೆಯಿದೆ. ರಾಜ್ಯದಲ್ಲಿ ಇಂಥ ದೂರುಗಳನ್ನು ಲೋಕಾಯುಕ್ತ ತೆಗೆದುಕೊಳ್ಳುತ್ತದೆ.

ವರದಕ್ಷಿಣೆಯ ಬಗ್ಗೆ ಒಂದೇ ಮಾತು: ಕೊಡುವುದೂ ತೆಗೆದುಕೊಳ್ಳುವುದೂ 1961ರಿಂದ ಅಪರಾಧ, ಆದರೂ "ನಾವೇನೂ ಕೇಳಿಲ್ಲ, ಅವರೇ ಕೊಟ್ಟರು" ಎಂಬ ಮಾತು ಇಂದಿಗೂ ಮದುವೆಮನೆಗಳಲ್ಲಿ ಓಡಾಡುತ್ತಿದೆ. ನಿಮ್ಮ ನಿಲುವನ್ನು ಜಾತಕ ಹೊರಬೀಳುವ ಮುನ್ನವೇ ತಂದೆತಾಯಿಗೂ, ಮೊದಲ ಭೇಟಿಯಲ್ಲೇ ಎದುರಿನವರಿಗೂ ಹೇಳಿ. ನಿಶ್ಚಿತಾರ್ಥದ ನಂತರ ಹೇಳುವವರ ಮಾತು ಹಿರಿಯರ ಕೋಣೆಯ ಬಾಗಿಲು ದಾಟುವುದಿಲ್ಲ.

ಆರನೆಯ ಹೆಜ್ಜೆ: ಬೆಳವಣಿಗೆಯೋ ಜಾರುವಿಕೆಯೋ ಎಂದು ಗುರುತಿಸುವುದು

ಹದಿನೆಂಟರ ನಂಬಿಕೆ ಮೂವತ್ತರಲ್ಲಿ ಹಾಗೆಯೇ ಇರಬೇಕಾಗಿಲ್ಲ. ಹಾಗೆಯೇ ಇದ್ದರೆ ನಡುವಿನ ಹನ್ನೆರಡು ವರ್ಷ ಏನು ಕಲಿತಿರಿ ಎಂದು ಕೇಳಬೇಕಾಗುತ್ತದೆ. ಪ್ರಶ್ನೆಯಿರುವುದು ಬದಲಾವಣೆಯ ಬಗೆಯಲ್ಲಿ. ಯುಗಾದಿಗೋ ಹುಟ್ಟುಹಬ್ಬಕ್ಕೋ ವರ್ಷಕ್ಕೊಮ್ಮೆ ಪಟ್ಟಿಯನ್ನು ತೆರೆದು, ಬದಲಾದ ಸಾಲುಗಳ ಮುಂದೆ ಈ ಪ್ರಶ್ನೆಗಳನ್ನು ಕೇಳಿಕೊಳ್ಳಿ: ಇದನ್ನು ಯಾವತ್ತು ನಿರ್ಧರಿಸಿದೆ ಎಂದು ಹೇಳಬಲ್ಲೆನೆ? ಈ ಬದಲಾವಣೆಯಿಂದ ನನ್ನ ಬದುಕು ಸಲೀಸಾದದ್ದಲ್ಲದೆ ಬೇರೆ ಯಾರಿಗಾದರೂ ಒಳಿತಾಯಿತೆ? ಇದನ್ನು ನನಗೆ ಕಲಿಸಿದವರ ಮುಖ ನೋಡಿ ಹೇಳಬಲ್ಲೆನೆ? ಮೂರಕ್ಕೂ ನೇರ ಉತ್ತರವಿದ್ದರೆ ಅದು ಬೆಳವಣಿಗೆ. ಮೊದಲನೆಯದಕ್ಕೇ ಉತ್ತರವಿಲ್ಲದಿದ್ದರೆ ಜಾರಿದ್ದೀರಿ. ಹಳೆಯ ನಡೆಯನ್ನು ಆರು ತಿಂಗಳ ಮಟ್ಟಿಗೆ ಮತ್ತೆ ಹಿಡಿದು, ಅನಂತರ ತೀರ್ಮಾನಿಸಿ.

ಮಾತಿನ ಅಕ್ಷರವನ್ನು ಹಿಡಿದು ಅದರ ಅರ್ಥವನ್ನು ಬಿಡುವುದೆಂಬ ಇನ್ನೊಂದು ಬಗೆಯಿದೆ. ಇದನ್ನು ಕಂಡುಹಿಡಿಯುವುದು ಇನ್ನೂ ಕಷ್ಟ. ಗಾಂಧಿಯವರು 1912ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಹಾಲನ್ನು ಬಿಟ್ಟಿದ್ದರು. 1918ರಲ್ಲಿ ಖೇಡಾದಲ್ಲಿ ಆಮಶಂಕೆಯಿಂದ ಸಾವಿನ ಹತ್ತಿರಕ್ಕೆ ಹೋಗಿ ಬಂದ ಮೇಲೆ ವೈದ್ಯರು ಹಾಲು ಕುಡಿಯಲೇಬೇಕೆಂದರು. ಪ್ರತಿಜ್ಞೆ ಮಾಡಿದಾಗ ಮನಸ್ಸಿನಲ್ಲಿದ್ದದ್ದು ಹಸು, ಎಮ್ಮೆಗಳ ಹಾಲಷ್ಟೇ, ಮೇಕೆಯ ಹಾಲಿಗೇನು ಅಡ್ಡಿ ಎಂದು ಕಸ್ತೂರಬಾ ಕೇಳಿದರು, ಅವರು ಒಪ್ಪಿದರು. ಅವರು ಅದನ್ನು ಅಲ್ಲಿಗೇ ಮುಚ್ಚಿಡಬಹುದಾಗಿತ್ತು. ಬದಲಾಗಿ, ಅಕ್ಷರ ಉಳಿಯಿತು, ಪ್ರತಿಜ್ಞೆಯ ಆತ್ಮ ಹೋಯಿತು, ಬದುಕುವ ಆಸೆ ಸತ್ಯದ ಮೇಲಿನ ನಿಷ್ಠೆಗಿಂತ ಬಲವಾಯಿತು ಎಂದು ಬರೆದುಕೊಂಡರು. ಅವರು ಹಾಲು ಕುಡಿದದ್ದು ತಪ್ಪೆಂದು ನನಗೆ ಅನ್ನಿಸುವುದಿಲ್ಲ. ಆದರೆ ರಾಜಿ ಮಾಡಿಕೊಂಡದ್ದನ್ನು ರಾಜಿಯೆಂದೇ ಕರೆದ ಆ ಪ್ರಾಮಾಣಿಕತೆಯನ್ನು ಯಾರಾದರೂ ಅನುಸರಿಸಬಹುದು. ನೋಟ್‌ಬುಕ್ಕಿನಲ್ಲಿ "ಇದು ರಾಜಿ, ಕಾರಣ ಇಂಥದು" ಎಂದು ದಿನಾಂಕದೊಡನೆ ಬರೆದರೆ ಸಾಕು. ಸಿದ್ಧಾಂತವೇ ಬದಲಾಯಿತೆಂದು ನಟಿಸಬೇಕಾಗಿಲ್ಲ.

ದೇವರನ್ನು ನಂಬದ ತೀರ್ಮಾನಕ್ಕೆ ಬಂದವರಿಗೂ ಇದೇ ಶಿಸ್ತು ಅನ್ವಯಿಸುತ್ತದೆ. ಗೌರಿಬಿದನೂರಿನ ಹೊಸೂರಿನಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು (1920–2005) ಅಮೆರಿಕದಲ್ಲಿ ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾದರು, ಆ ಅವಧಿಯಲ್ಲೇ 1976ರಲ್ಲಿ ಪವಾಡಗಳನ್ನು ಪರೀಕ್ಷಿಸಲು ಸಮಿತಿ ರಚಿಸಿ ದೊಡ್ಡ ವಿರೋಧವನ್ನು ಎದುರಿಸಿದರು. ಅಷ್ಟಾಗಿಯೂ ಖಾದಿ, ಗಾಂಧಿ ಟೋಪಿ ಮತ್ತು ಬಸವನಗುಡಿಯ ನ್ಯಾಷನಲ್ ಕಾಲೇಜಿನ ವಿದ್ಯಾರ್ಥಿನಿಲಯದ ಕೋಣೆಯನ್ನು ಬಿಡಲಿಲ್ಲ. ವಿಚಾರವಾದ ಅವರಿಗೆ ಪ್ರಾರ್ಥನೆ ತಪ್ಪಿಸಿಕೊಳ್ಳುವ ಅನುಕೂಲವಾಗಿರಲಿಲ್ಲ, ಪ್ರತಿದಿನ ನಡೆಸಬೇಕಾದ ವ್ರತವಾಗಿತ್ತು.

ಸಂದೇಹ ಬರುವುದು ಸಹಜ. ಆದರೆ ಸಂದೇಹದ ಜೊತೆಗೆ ನಿದ್ದೆಗೆಡುವುದು, ಊಟ ಸೇರದಿರುವುದು, ಬದುಕೇ ಬೇಡವೆನಿಸುವುದು ಕಾಣಿಸಿಕೊಂಡರೆ ಅದನ್ನು ಆಧ್ಯಾತ್ಮಿಕ ಸಮಸ್ಯೆಯೆಂದು ತಡಮಾಡಬೇಡಿ. ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡಬಹುದು, ಕರೆ ಉಚಿತ.

ಮನೆಯವರಿಗೆ ಹೇಳುವುದು

ಏನನ್ನಾದರೂ ಯೋಚಿಸಿ ಬಿಟ್ಟಿದ್ದರೆ, ಮನೆಯವರಿಗೆ ಅದು ಬೇರೆಯವರ ಬಾಯಿಂದಲೋ ಫೋಟೊದಿಂದಲೋ ತಿಳಿಯುವ ಮೊದಲು ನೀವೇ ಹೇಳಬೇಕು. ಹಬ್ಬದ ದಿನ ಬೇಡ, ನೆಂಟರ ಮುಂದೆ ಬೇಡ, ವಾಟ್ಸ್‌ಆ್ಯಪಿನಲ್ಲಂತೂ ಬೇಡ. ಊರಿಗೆ ಹೋದಾಗ, ಹೇಳಬೇಕಾದವರು ಒಬ್ಬರೇ ಇರುವಾಗ, ಮೊದಲು ಏನನ್ನು ಉಳಿಸಿಕೊಂಡಿದ್ದೀರಿ ಎಂದು ಹೇಳಿ, ಆಮೇಲೆ ಬಿಟ್ಟದ್ದನ್ನು ಹೇಳಿ. ಮಡಿಯಲ್ಲಿ ಅಡುಗೆ ಮಾಡುವುದನ್ನು ಬಿಟ್ಟ ಮಗಳು ಇನ್ನೂ ದಾಸರ ಪದ ಹಾಡುತ್ತಾಳೆ ಎಂಬುದು ತಾಯಿಗೆ ಚಿಕ್ಕ ವಿಷಯವಲ್ಲ.

ನಂಬಿಕೆ ಹೋದ ಮೇಲೂ ಮನೆಯ ಪೂಜೆಯಲ್ಲಿ ಕೂರುವುದು ಕಪಟವಾಗುತ್ತದೆಯೇ ಎಂದು ಹಲವರು ಕೇಳುತ್ತಾರೆ. ಕೂರುವುದು ಕಪಟವಲ್ಲ ಎಂಬುದು ನನ್ನ ಅಭಿಪ್ರಾಯ. ಅದು ಕೂತವರ ಮೇಲಿನ ಪ್ರೀತಿ, ನೆಂಟರ ಮನೆಯ ಮದುವೆಗೆ ಹೋಗಿ ಅಕ್ಷತೆ ಹಾಕುವುದಕ್ಕಿಂತ ಹೆಚ್ಚಿನ ಒಪ್ಪಿಗೆಯನ್ನು ಅದು ಬೇಡುವುದಿಲ್ಲ. "ದಿನಾ ಮಾಡುತ್ತೀಯಾ?" ಎಂದು ಕೇಳಿದಾಗ ಮಾಡದಿದ್ದರೂ ಹೌದೆನ್ನುವುದು ಕಪಟ. ಆ ಪ್ರಶ್ನೆಗೆ "ಈಗ ಮಾಡುತ್ತಿಲ್ಲ, ಯಾಕೆಂದು ನಿಧಾನವಾಗಿ ಹೇಳುತ್ತೇನೆ" ಎಂಬ ಉತ್ತರ ಮೊದಲ ದಿನಕ್ಕೆ ಸಾಕು. ಮಾತು ಬೆಳೆದು ಯಾರಾದರೂ ಅತ್ತರೆ ಅಥವಾ ಎದ್ದುಹೋದರೆ ಅಂದಿಗೆ ಅಲ್ಲಿಗೇ ನಿಲ್ಲಿಸಿ, ಆದರೆ ಮುಂದಿನ ಬಾರಿ ಊರಿಗೆ ಬರುವ ದಿನಾಂಕವನ್ನು ಹೊರಡುವ ಮುನ್ನವೇ ಹೇಳಿ ಬನ್ನಿ.